ಕಾಸರಗೋಡಿನಿಂದ ಗಲ್ಫಿಗೆ ಹೊರಟ ಟೀಚರುಗಳಿಗೆ

ಕುವೈತ್, ಕತಾರ್ ಶಾಲೆಗಳಿಗೆ ಹೊರಟಿರುವ ಮಂಜೇಶ್ವರ, ಬೇಳ ಕಡೆಯವರು ಸರ್ಟಿಫಿಕೇಟ್ ಅಟೆಸ್ಟೇಷನ್ (ದೃಢೀಕರಣ) ಈಗಲೇ ಶುರು ಮಾಡಿ. ನಮ್ಮಲ್ಲಿ ಎಷ್ಟೋ ಜನ ಹತ್ತನೇ ಕ್ಲಾಸು ಕೇರಳದಲ್ಲಿ, ಬಿ.ಎಡ್. ಮಂಗಳೂರಿನಲ್ಲಿ ಓದಿದವರು ಅಲ್ವಾ? ಯಾವ ರಾಜ್ಯದ ಸರ್ಟಿಫಿಕೇಟೋ ಆ ರಾಜ್ಯವೇ ಮೊದಲು ದೃಢೀಕರಿಸಬೇಕು. ಕೇರಳದ್ದಕ್ಕೆ ನೋರ್ಕಾ ಇದೆ, ಅಂದರೆ ಹೊರದೇಶಕ್ಕೆ ಹೋಗುವವರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ. ಮಂಗಳೂರಿನ ಡಿಗ್ರಿಗೆ ಕರ್ನಾಟಕ ಸರ್ಕಾರದ ಮುದ್ರೆಯೇ ಬೇಕು. ಆಮೇಲೆ ವಿದೇಶಾಂಗ ಸಚಿವಾಲಯ, ಕೊನೆಗೆ ಆ ದೇಶದ ರಾಯಭಾರ ಕಚೇರಿ. ಊರು ಬಿಟ್ಟ ಮೇಲೆ ಇದನ್ನೆಲ್ಲ ಮಾಡಿಸುವುದು ತುಂಬಾ ಕಷ್ಟ.

ಇನ್ನೊಂದು ವಿಷಯ. ಅಲ್ಲಿ ಭಾನುವಾರ ಶಾಲೆ ಇರುತ್ತದೆ, ರಜೆ ಶುಕ್ರವಾರ ಮತ್ತು ಶನಿವಾರ. ಇಗರ್ಜಿಗಳಲ್ಲೂ ಶುಕ್ರವಾರವೇ ಜಾಸ್ತಿ ಜನ ಪೂಜೆಗೆ ಬರುತ್ತಾರೆ. ಬೈಬಲ್, ಜಪಮಾಲೆ ನಿಮ್ಮ ಬಳಕೆಗೆ ಒಂದೊಂದು ಸಾಕು, ಹಂಚಲು ಕಟ್ಟುಗಟ್ಟಲೆ ಒಯ್ಯಬೇಡಿ. ಕ್ಲಾಸಿನಲ್ಲಿ ಧರ್ಮದ ಮಾತು ಬೇಡವೇ ಬೇಡ. ದುಬೈ, ಅಬುಧಾಬಿ ಕಡೆ ಹೋಗುವವರಿಗೆ ಮಾತ್ರ 2022ರಿಂದ ವಾರದ ರಜೆ ಶನಿವಾರ ಮತ್ತು ಭಾನುವಾರ.