ಸಂಘದ ಸಭೆಯಲ್ಲಿ ಮತಕ್ಕೆ ಹಾಕುವುದು ಹೇಗೆ?

ಕೈ ಎತ್ತಿ ಅಂದ ಕೂಡಲೇ ಎಲ್ಲರೂ ಎತ್ತುತ್ತಾರೆ. ಯಾವುದಕ್ಕೆ ಎತ್ತಿದ್ದು ಅಂತ ಜಗಳ ಶುರುವಾಗುವುದು ಆಮೇಲೆ. ಲೋಕಸಭೆ, ವಿಧಾನಸಭೆಗಳು ನಡೆಯುವ ಕ್ರಮದಲ್ಲಿ ಇದಕ್ಕೆ ಒಳ್ಳೆಯ ಪರಿಹಾರಗಳಿವೆ. 60 ಮನೆಗಳ ಅಪಾರ್ಟ್‌ಮೆಂಟ್ ಒಂದರ ಮಹಾಸಭೆಯಲ್ಲಿ ನೀರಿನ ವಿಷಯ ಬಂದಿದೆ ಅಂತ ಇಟ್ಟುಕೊಳ್ಳೋಣ.

ಮೊದಲು ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಎಷ್ಟು ಜನ ಇರಬೇಕು ಅನ್ನುವುದು. ಸಂಸತ್ತಿನಲ್ಲಿ ಸದನದ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಹಾಜರಿರಬೇಕು. ನಿಮ್ಮ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಎಷ್ಟಿದೆ ನೋಡಿ, ತಲೆ ಎಣಿಸಿ ಬರೆದುಕೊಳ್ಳಿ.

ಆಮೇಲೆ ಗೊತ್ತುವಳಿ, ಅಂದರೆ ಮತಕ್ಕೆ ಹಾಕುವ ವಾಕ್ಯ. 'ನೀರಿಗೆ ಏನಾದರೂ ಮಾಡೋಣ' ಅಂದರೆ ಸಾಲದು. '5 ಲಕ್ಷ ರೂಪಾಯಿ ಮೀರದಂತೆ ಹೊಸ ಬೋರ್‌ವೆಲ್ ಕೊರೆಸುವುದು' ಅಂತ ಬರೆದು ಜೋರಾಗಿ ಓದಿ. ಒಬ್ಬರು ಸೂಚಿಸಲಿ, ಇನ್ನೊಬ್ಬರು ಅನುಮೋದಿಸಲಿ.

ಈಗ ಯಾರೋ ಎದ್ದು '5 ಬೇಡ, 4 ಲಕ್ಷ ಮಾಡಿ' ಅನ್ನುತ್ತಾರೆ. ಇದು ತಿದ್ದುಪಡಿ, ಮೊದಲು ಮತಕ್ಕೆ ಹಾಕಬೇಕಾದ್ದು ಇದನ್ನೇ. ಗೆದ್ದರೆ ವಾಕ್ಯದಲ್ಲಿನ ಅಂಕಿ ಬದಲಾಗುತ್ತದೆ, ಅಷ್ಟೇ. ಬೋರ್‌ವೆಲ್ ಬೇಕೋ ಬೇಡವೋ ಅನ್ನುವುದಕ್ಕೆ ಇನ್ನೊಂದು ಮತ ಆಗಲೇಬೇಕು. ತಿದ್ದುಪಡಿಗೆ ಕೈ ಎತ್ತಿದವರೆಲ್ಲ ಬೋರ್‌ವೆಲ್ ಪರ ಅಂತ ಲೆಕ್ಕ ಹಿಡಿಯುವುದು ಅನ್ಯಾಯ, ಹೇಗೂ ಕೊರೆಸುತ್ತಾರೆ, ಖರ್ಚಾದರೂ ಕಡಿಮೆಯಾಗಲಿ ಅಂದುಕೊಂಡವರೂ ಅವರಲ್ಲಿರುತ್ತಾರೆ ಅಲ್ವಾ?

ನಿಜವಾದ ತೊಡಕು ಮೂರು ಆಯ್ಕೆ ಇದ್ದಾಗ. ಬಂದವರು 48 ಜನ. ಬೋರ್‌ವೆಲ್‌ಗೆ 20, ಮಳೆನೀರು ಕೊಯ್ಲಿಗೆ 16, ಟ್ಯಾಂಕರ್‌ಗೆ 12. ಜಾಸ್ತಿ ಬಂದದ್ದೇ ಗೆಲುವು ಅಂದರೆ ಬೋರ್‌ವೆಲ್ ಗೆದ್ದಿತು, 28 ಜನಕ್ಕೆ ಅದು ಬೇಡವಾಗಿದ್ದರೂ. ಕೊನೆಯಲ್ಲಿರುವ ಟ್ಯಾಂಕರ್ ಕೈಬಿಟ್ಟು ಮತ್ತೆ ಮತಕ್ಕೆ ಹಾಕಿ. ಆ 12 ಜನ ಮಳೆನೀರಿನ ಕಡೆ ಬಂದರೆ 28ಕ್ಕೆ 20, ಫಲಿತಾಂಶವೇ ತಿರುಗಿತು. ರಾಷ್ಟ್ರಪತಿ ಚುನಾವಣೆಯಲ್ಲಿ ಮತಪತ್ರದ ಮೇಲೆ 1, 2, 3 ಅಂತ ಪ್ರಾಶಸ್ತ್ಯ ಬರೆಸುವುದು ಇಂಥದ್ದಕ್ಕೇ. ಯಾವ ಪದ್ಧತಿ ಅನ್ನುವುದನ್ನು ಕೈ ಎತ್ತಿಸುವ ಮುಂಚೆಯೇ ತೀರ್ಮಾನಿಸಿ. ಎಣಿಕೆ ಕಂಡ ಮೇಲೆ ನಿಯಮ ಹುಡುಕಿದರೆ ಯಾರೂ ನಂಬುವುದಿಲ್ಲ.

ಸಣ್ಣಪುಟ್ಟ ವಿಷಯಕ್ಕೆ ಧ್ವನಿಮತ, ಅಂದರೆ ಹೌದು, ಇಲ್ಲ ಅಂತ ಕೂಗಿಸುವುದು, ಸಾಕು. ಒಬ್ಬರಾದರೂ ಅನುಮಾನಪಟ್ಟರೆ ಎಣಿಸಿ. 1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ವಾಜಪೇಯಿ ಸರ್ಕಾರ ಬಿದ್ದದ್ದು 269ಕ್ಕೆ 270, ಒಂದೇ ಮತದಿಂದ. ಅಂಥ ಅಂತರ ಕೂಗಿನಲ್ಲಿ ಗೊತ್ತಾಗುತ್ತದೆಯೇ?

ಬಹುಮತ ಅಂದರೆ ಯಾರ ಬಹುಮತ ಅನ್ನುವುದನ್ನೂ ಬೈಲಾ ನೋಡಿಯೇ ಹೇಳಿ. 48ರಲ್ಲಿ 8 ಜನ ಸುಮ್ನೆ ಕೂತರು ಅನ್ನಿ. ಮತ ಹಾಕಿದವರ ಲೆಕ್ಕದಲ್ಲಿ 21 ಸಾಕು, ಹಾಜರಿದ್ದವರ ಲೆಕ್ಕದಲ್ಲಿ 25 ಬೇಕು, ಮನೆಗೊಬ್ಬರಂತೆ ಒಟ್ಟು 60 ಸದಸ್ಯರ ಲೆಕ್ಕದಲ್ಲಿ 31. ಸಂವಿಧಾನದ 100ನೇ ವಿಧಿ ಸಾಮಾನ್ಯ ತೀರ್ಮಾನಗಳಿಗೆ ಹಾಜರಿದ್ದು ಮತ ಹಾಕಿದವರನ್ನು ಮಾತ್ರ ಎಣಿಸುತ್ತದೆ. ಸ್ಪೀಕರ್ ಮತ ಹಾಕುವುದು ಸಮ ಬಂದಾಗ ಮಾತ್ರ. ನಿಮ್ಮ ಅಧ್ಯಕ್ಷರಿಗೆ ಆ ಹಕ್ಕು ಉಂಟೋ ಇಲ್ಲವೋ ಮೊದಲೇ ನೋಡಿಕೊಳ್ಳಿ.

ಕೊನೆಗೆ ಗೊತ್ತುವಳಿಯ ಪೂರ್ತಿ ವಾಕ್ಯ, ಪರ, ವಿರೋಧ, ತಟಸ್ಥ, ಮೂರೂ ಸಂಖ್ಯೆ ನಡಾವಳಿ ಪುಸ್ತಕಕ್ಕೆ ಹೋಗಲಿ. ಜನ ಏಳುವ ಮುಂಚೆಯೇ ಓದಿ ಹೇಳಿ, ಸಹಿ ಹಾಕಿಸಿ.