ಐದು ದಾನಿಗಳು, ಒಂದೇ ಅರ್ಜಿ: ಅನುದಾನ ಒಟ್ಟುಗೂಡಿಸಿದ ನನ್ನ ಅನುಭವ

ಓಡಾಡಲಾಗದ ಹಿರಿಯರ ಮನೆಗೆ ಊಟ ತಲುಪಿಸುವ ಒಂದು ಸಣ್ಣ ಸಂಸ್ಥೆ. ಅದಕ್ಕೆ ಐದು ಕಡೆಯಿಂದ ಅನುದಾನ ಬರುತ್ತಿತ್ತು. ಯಾವುದೂ ದೊಡ್ಡ ಮೊತ್ತವಲ್ಲ. ಆದರೆ ಐದು ಅರ್ಜಿ, ಐದು ಬಜೆಟ್ ನಮೂನೆ, ಐದು ಕೊನೆಯ ದಿನಾಂಕ, ಐದು ಬಗೆಯ ವರದಿ. ಅಡುಗೆ, ಸಾಗಾಟ, ಸ್ವಯಂಸೇವಕರು ಎಲ್ಲವನ್ನೂ ನೋಡಿಕೊಳ್ಳುವವರೇ ಈ ಕಾಗದಗಳನ್ನೂ ಬರೆಯಬೇಕಿತ್ತು. ಆ ಐದು ದಾನಿಗಳಲ್ಲಿ ಒಂದಾದ ಟ್ರಸ್ಟ್‌ನಲ್ಲಿ ನಾನು ಅನುದಾನದ ಕೆಲಸ ನೋಡುತ್ತೇನೆ. ಉಳಿದವರಲ್ಲಿ ಎರಡು ಸ್ಥಳೀಯ ಆಡಳಿತಗಳು, ಒಂದು ಕಂಪನಿಯ ಸೇವಾನಿಧಿ, ಮತ್ತೊಂದು ಕುಟುಂಬ ಟ್ರಸ್ಟ್. ನಾವು ಐವರೂ ಬಹುಪಾಲು ಅದೇ ಸಂಸ್ಥೆಗಳಿಗೆ ದುಡ್ಡು ಕೊಡುತ್ತಿದ್ದೆವು. ಒಬ್ಬರಿಗೊಬ್ಬರು ಮಾತ್ರ ಮಾತಾಡಿಕೊಳ್ಳುತ್ತಿರಲಿಲ್ಲ.

‘ಎಲ್ಲರ ದುಡ್ಡನ್ನೂ ಒಂದೇ ಖಾತೆಗೆ ಹಾಕೋಣ’ ಎಂದು ಮೊದಲೇ ಹೇಳಿದರೆ ಯಾವ ಆಡಳಿತ ಮಂಡಳಿಯೂ ಒಪ್ಪುವುದಿಲ್ಲ. ತಮ್ಮ ಹಿಡಿತ ತಪ್ಪುತ್ತದೆ ಎಂಬ ಅಳುಕು ಸಹಜ. ಹಾಗಾಗಿ ಹಣದ ಮಾತನ್ನು ಪಕ್ಕಕ್ಕಿಟ್ಟು ಅರ್ಜಿ ನಮೂನೆಗಳಿಂದ ಶುರು ಮಾಡಿದೆವು. ಐದನ್ನೂ ಪ್ರಿಂಟ್ ತೆಗೆದು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಹರಡಿದೆವು. ಒಂದೇ ವಿಷಯ ಕೇಳುವ ಪ್ರಶ್ನೆಗಳಿಗೆ ಒಂದೇ ಬಣ್ಣದ ಗೆರೆ ಎಳೆಯುತ್ತಾ ಹೋದೆವು. ಸಂಸ್ಥೆಯ ನೋಂದಣಿ, ಆಡಿಟ್ ಆದ ಲೆಕ್ಕ, ಯಾರಿಗಾಗಿ ಕೆಲಸ, ಎಷ್ಟು ಖರ್ಚು, ಫಲಿತಾಂಶ ಹೇಗೆ ಅಳೆಯುತ್ತೀರಿ: ಇವೆಲ್ಲ ಐದರಲ್ಲೂ ಇದ್ದವು. ಪದ ಬೇರೆ, ಪದಮಿತಿ ಬೇರೆ, ಅಷ್ಟೇ. ಬಣ್ಣ ಬೀಳದೆ ಉಳಿದ ಪ್ರಶ್ನೆಗಳ ಬಗ್ಗೆ ಒಬ್ಬೊಬ್ಬರನ್ನೂ ಕೇಳಿದೆವು: ಈ ಉತ್ತರ ಓದಿ ನೀವು ಎಂದಾದರೂ ತೀರ್ಮಾನ ಬದಲಿಸಿದ್ದೀರಾ? ಬಹಳಷ್ಟು ಪ್ರಶ್ನೆಗಳು ಅಲ್ಲೇ ಬಿದ್ದುಹೋದವು. ಕೈಬಿಡಲಾಗದ ಕೆಲವನ್ನು ಮಾತ್ರ ಆಯಾ ದಾನಿಯ ಪುರವಣಿಯಾಗಿ ಕೊನೆಗೆ ಸೇರಿಸಿದೆವು.

ಈ ದಾರಿ ನಮ್ಮ ಕಲ್ಪನೆಯೇನೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ಎಂಬ ಜಿಲ್ಲೆಯಲ್ಲಿ ಹಲವು ನಗರಾಡಳಿತಗಳು ಊಟ, ಆಸರೆ, ಆಪ್ತಸಲಹೆಯಂಥ ಮಾನವ ಸೇವಾ ಕಾರ್ಯಕ್ರಮಗಳಿಗೆ ಒಂದೇ ಅರ್ಜಿ ಕರೆಯುತ್ತವೆ. ಎರಡು ವರ್ಷಕ್ಕೊಂದು ಸುತ್ತು. ಯಾರಿಗೆ ಎಷ್ಟು ಎಂಬುದನ್ನು ಪ್ರತಿ ನಗರವೂ ತಾನೇ ನಿರ್ಧರಿಸುತ್ತದೆ. ಅವುಗಳಲ್ಲಿ ಕೆಲವು ನಗರಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಪಾಲನ್ನು ಸೇರಿಸಿ ಬೆಲ್‌ವ್ಯೂ ನಗರದ ಮೂಲಕ ಒಂದೇ ಒಪ್ಪಂದ ಮಾಡಿಕೊಳ್ಳುತ್ತವೆ. ನಮಗೆ ಇದರಲ್ಲಿ ಹಿಡಿಸಿದ್ದು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಅವಕಾಶ. ಮೊದಲು ಅರ್ಜಿ ಒಂದು, ಆಮೇಲೆ ವರದಿ ಒಂದು, ಆಮೇಲೆ ಬೇಕೆನಿಸಿದವರು ಹಣವನ್ನೂ ಸೇರಿಸಲಿ.

ಅರ್ಜಿ ಒಂದಾಗಲು ಬೇಗ ಒಪ್ಪಿಗೆ ಸಿಕ್ಕಿತು. ಕಷ್ಟ ಬಂದದ್ದು ಎಣಿಕೆಯಲ್ಲಿ.

ಹಿರಿಯರು ಅಂದರೆ ಯಾರು? ಒಬ್ಬ ದಾನಿಗೆ 55 ದಾಟಿದವರು, ಇನ್ನೊಬ್ಬರಿಗೆ 60, ಮತ್ತೊಬ್ಬರಿಗೆ 65. ಯುವಜನರ ಲೆಕ್ಕ ಒಂದು ಕಡೆ 18ಕ್ಕೆ ಮುಗಿದರೆ ಇನ್ನೊಂದು ಕಡೆ 24ರವರೆಗೆ. ಸಂಸ್ಥೆಗಳು ಅದೇ ಜನರನ್ನು ಪ್ರತಿ ವರದಿಗೂ ಬೇರೆ ಬೇರೆಯಾಗಿ ವಿಂಗಡಿಸಿ ಕೊಡುತ್ತಿದ್ದವು. ಈಗ ಸಂಸ್ಥೆ ವಯಸ್ಸನ್ನು ಮಾತ್ರ ಬರೆದುಕೊಳ್ಳುತ್ತದೆ. ಯಾವ ಗುಂಪಿಗೆ ಸೇರಿಸಬೇಕು ಎನ್ನುವ ವಿಂಗಡಣೆ ನಮ್ಮ ಹಾಳೆಯಲ್ಲಿ ನಾವೇ ಮಾಡಿಕೊಳ್ಳುತ್ತೇವೆ. ಇದು ಸಣ್ಣ ಬದಲಾವಣೆ ಅನ್ನಿಸಬಹುದು, ಆದರೆ ಕೆಲಸ ಸೇವೆ ಕೊಡುವವರ ತಲೆಯಿಂದ ಇಳಿದು ದುಡ್ಡು ಕೊಡುವವರ ತಲೆಗೆ ಬಂತು. ನಾನು ಈ ಇಡೀ ಪ್ರಯತ್ನವನ್ನು ಅಳೆಯುವುದೇ ಈ ಒಂದು ಪ್ರಶ್ನೆಯಿಂದ: ಹೊರೆ ಯಾರ ಕಡೆಗೆ ಸರಿಯಿತು?

ಆಮೇಲೆ ‘ಸೇವೆ ಪಡೆದವರು’ ಎಂಬ ಕಾಲಂ. ಒಬ್ಬರೇ ಆಪ್ತಸಲಹೆಗೆ ಹನ್ನೆರಡು ಸಲ ಬಂದರೆ ಅದು ಒಂದಾ, ಹನ್ನೆರಡಾ? ಆಹಾರದ ಪೊಟ್ಟಣ ಒಯ್ದ ಕುಟುಂಬವನ್ನು ಒಂದು ಎನ್ನಬೇಕಾ, ಮನೆಮಂದಿಯನ್ನೆಲ್ಲ ಎಣಿಸಬೇಕಾ? ಒಬ್ಬೊಬ್ಬ ದಾನಿಯೂ ಒಂದೊಂದು ರೂಢಿ ಇಟ್ಟುಕೊಂಡಿದ್ದರು. ನಾವು ಎರಡು ಕಾಲಂ ಮಾಡಿದೆವು. ಒಂದರಲ್ಲಿ ಎಷ್ಟು ಜನ. ಒಬ್ಬರನ್ನು ವರ್ಷದಲ್ಲಿ ಒಂದೇ ಸಲ ಎಣಿಸಬೇಕು. ಇನ್ನೊಂದರಲ್ಲಿ ಎಷ್ಟು ಸೇವೆ. ಅದರ ಅಳತೆ ಕೆಲಸಕ್ಕೆ ತಕ್ಕಂತೆ. ಊಟವಾದರೆ ಊಟದ ಸಂಖ್ಯೆ, ಆಸರೆ ಮನೆಯಾದರೆ ಹಾಸಿಗೆ ಬಳಕೆಯಾದ ರಾತ್ರಿಗಳು, ಆಪ್ತಸಲಹೆಯಾದರೆ ಗಂಟೆಗಳು. ಬೇರೆ ಬೇರೆ ಬಗೆಯ ಸಂಸ್ಥೆಗಳ ತಲಾ ಖರ್ಚನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದನ್ನು ಅಂದಿಗೇ ನಿಲ್ಲಿಸಿದೆವು. ಒಂದು ಊಟದ ಖರ್ಚಿಗೂ ಆಸರೆ ಮನೆಯ ಒಂದು ರಾತ್ರಿಯ ಖರ್ಚಿಗೂ ಹೋಲಿಕೆಯೇ ಇಲ್ಲ. ಆದರೂ ಹಾಳೆಯಲ್ಲಿ ಎರಡು ಅಂಕಿ ಅಕ್ಕಪಕ್ಕ ಕಂಡರೆ ಮನಸ್ಸು ಸುಮ್ನೆ ಹೋಲಿಸಿಬಿಡುತ್ತದೆ.

ಎಲ್ಲಕ್ಕಿಂತ ಬಿಸಿ ಚರ್ಚೆ ನಡೆದದ್ದು ವಿಳಾಸದ ಮೇಲೆ. ಸ್ಥಳೀಯ ಆಡಳಿತಗಳಿಗೆ ತಮ್ಮ ವ್ಯಾಪ್ತಿಯ ಜನರಿಗೇ ದುಡ್ಡು ಹೋಯಿತು ಎಂದು ತೋರಿಸಬೇಕು. ಅದು ಅವರ ಹೊಣೆ, ತಪ್ಪಲ್ಲ. ಆದರೆ ಮನೆಯೊಳಗಿನ ಹಿಂಸೆ ತಾಳಲಾರದೆ ಬಂದ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆ ಏನು ಮಾಡಬೇಕು? ಅವರಲ್ಲಿ ಎಷ್ಟೋ ಮಂದಿ ಬೇಕೆಂದೇ ಬೇರೆ ಊರಿನ ಆಸರೆ ಹುಡುಕುತ್ತಾರೆ. ಹತ್ತಿರ ಇದ್ದಷ್ಟೂ ಅಪಾಯ ಜಾಸ್ತಿ. ಅವರ ಹೆಸರು, ವಿಳಾಸ ದಾನಿಗಳ ಕಡತಕ್ಕೆ ಬರಲೇಬಾರದು. ಅಮೆರಿಕದಲ್ಲಂತೂ ಇಂಥ ಕೇಂದ್ರಗಳಿಗೆ ಫೆಡರಲ್ (ಕೇಂದ್ರ ಸರ್ಕಾರದ) ಹಣ ಕೊಡುವ ಕಾನೂನಿನಲ್ಲೇ ಗುರುತು ಬಿಟ್ಟುಕೊಡಬಾರದೆಂಬ ನಿಯಮ ಇದೆ. ನಮ್ಮ ಸಭೆಯಲ್ಲಿ ಒಬ್ಬ ಸದಸ್ಯರು ನೇರವಾಗಿ ಕೇಳಿದರು: “ನಮ್ಮ ಜನರ ದುಡ್ಡು ಪಕ್ಕದವರಿಗೆ ಯಾಕೆ ಹೋಗಬೇಕು?” ಆಸರೆ ಮನೆಯ ಮುಖ್ಯಸ್ಥೆ ಅಷ್ಟೇ ನೇರವಾಗಿ ಉತ್ತರ ಕೊಟ್ಟರು: “ನಿಮ್ಮ ಕಡೆಯವರು ನಮ್ಮಲ್ಲಿ ಉಳಿಯೋಲ್ಲ ಮೇಡಂ. ಅವರು ಪಕ್ಕದವರ ಹತ್ತಿರ ಹೋಗ್ತಾರೆ. ಅಲ್ಲಿಯವರು ಇಲ್ಲಿಗೆ ಬರ್ತಾರೆ.”

ಆ ಮಾತಿನ ಮೇಲೆ ನಮ್ಮ ಮೊದಲ ಸಾಮೂಹಿಕ ನಿಧಿ ನಿಂತಿತು. ಆಸರೆ ಮನೆಗಳಿಗೆ ಮಾತ್ರ ಐವರೂ ಹಣ ಸೇರಿಸೋಣ, ಯಾರ ಊರಿನವರು ಎಂಬ ಲೆಕ್ಕ ಅಲ್ಲಿ ಬೇಡ ಎಂದು ತೀರ್ಮಾನವಾಯಿತು. ಪ್ರತಿಯೊಬ್ಬರ ಪಾಲು ಹೇಗೆ? ಎಲ್ಲರಿಗೂ ಸಮನಾದ ಒಂದು ಮೂಲ ಮೊತ್ತ, ಅದರ ಮೇಲೆ ಸ್ಥಳೀಯ ಆಡಳಿತಗಳಿಗೆ ಜನಸಂಖ್ಯೆಗೆ ತಕ್ಕ ಪಾಲು, ಟ್ರಸ್ಟ್‌ಗಳಿಗೆ ವಾರ್ಷಿಕ ಅನುದಾನದ ಗಾತ್ರಕ್ಕೆ ತಕ್ಕ ಪಾಲು. ಬಳಕೆಯ ಆಧಾರದ ಮೇಲೆ ಪಾಲು ಹಾಕುವುದು ಹೆಚ್ಚು ನ್ಯಾಯ ಅನ್ನಿಸುತ್ತದೆ, ಆದರೆ ಬಳಕೆ ಗೊತ್ತಾಗಬೇಕಾದರೆ ಮತ್ತೆ ವಿಳಾಸ ಕೇಳಬೇಕು. ಅದಕ್ಕೇ ಬಿಟ್ಟೆವು.

ಹಣ ಸೇರಿಸಿದ ಮೇಲೆ ಕಾಗದ ಗಟ್ಟಿ ಇರಬೇಕು. ಹಣ ಇಟ್ಟುಕೊಳ್ಳುವವರು ಒಬ್ಬರೇ. ಅವರ ಆಡಿಟ್‌ನಲ್ಲಿ ಈ ನಿಧಿಗೆ ಪ್ರತ್ಯೇಕ ಲೆಕ್ಕ. ಒಡಂಬಡಿಕೆಯಲ್ಲಿ ಯಾರು ಎಷ್ಟು, ಯಾವ ತಾರೀಖಿಗೆ, ಯಾರ ಸಹಿ ಎಂದೆಲ್ಲ ಬರೆದೆವು. ಹೊರಹೋಗುವವರು ಒಂದು ವರ್ಷ ಮೊದಲೇ ತಿಳಿಸಬೇಕು ಎಂಬ ಷರತ್ತು ಇದರಲ್ಲಿ ಬಹಳ ಮುಖ್ಯ. ಇಲ್ಲದಿದ್ದರೆ ಒಬ್ಬರು ಕೈಬಿಟ್ಟ ಪೆಟ್ಟು ನೇರ ಸಂಸ್ಥೆಯ ಸಿಬ್ಬಂದಿಯ ಸಂಬಳಕ್ಕೆ ಬೀಳುತ್ತದೆ. ಅಗತ್ಯ ಬದಲಾದರೆ ಉದ್ದೇಶವನ್ನು ಬದಲಿಸುವ ಅಧಿಕಾರವನ್ನೂ ಬರೆದಿಟ್ಟೆವು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಬ್ಯಾಂಕರ್ ಫ್ರೆಡರಿಕ್ ಗಾಫ್ 1914ರಲ್ಲಿ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಕಟ್ಟಿದ್ದರ ಹಿಂದೆ ಇದ್ದದ್ದು ಇದೇ ಚಿಂತೆ. ಸತ್ತವರ ಉಯಿಲುಗಳಲ್ಲಿ ಬರೆದ ಉದ್ದೇಶ ಹಳತಾಗಿ, ದುಡ್ಡು ಯಾರಿಗೂ ದಕ್ಕದೆ ಬಿದ್ದಿರುವುದನ್ನು ಅವರು ಕಂಡಿದ್ದರು. ಹಲವರ ದತ್ತಿಯನ್ನು ಒಂದೆಡೆ ತಂದು, ಕಾಲಕ್ಕೆ ತಕ್ಕಂತೆ ಬಳಸುವ ಅಧಿಕಾರವನ್ನು ಊರಿನ ಜನರ ಸಮಿತಿಗೆ ಕೊಟ್ಟರು. ಜಗತ್ತಿನ ಮೊದಲ ಸಮುದಾಯ ಪ್ರತಿಷ್ಠಾನ ಎಂದು ಅದನ್ನೇ ಹೇಳುತ್ತಾರೆ. ನಮ್ಮ ನಿಧಿ ಅದರ ಮುಂದೆ ತೀರಾ ಚಿಕ್ಕದು, ಆದರೆ ಆ ಒಂದು ಷರತ್ತು ನಮಗೂ ಬೇಕಿತ್ತು.

ಉಳಿದ ಕಾರ್ಯಕ್ರಮಗಳಿಗೆ ಹಣ ಇಂದಿಗೂ ಬೇರೆ ಬೇರೆಯೇ. ಓದುವುದು ಮಾತ್ರ ಒಟ್ಟಿಗೆ. ಪ್ರತಿ ಅರ್ಜಿಯನ್ನು ಮೂರು ದಾನಿಗಳ ಕಡೆಯಿಂದ ಒಬ್ಬೊಬ್ಬರು ಓದುತ್ತಾರೆ. ಯಾವುದಾದರೂ ಸಂಸ್ಥೆಯಲ್ಲಿ ತಮ್ಮ ಮನೆಯವರು ಕೆಲಸಕ್ಕಿದ್ದರೆ ಅಥವಾ ತಾವೇ ಮಂಡಳಿಯಲ್ಲಿದ್ದರೆ ಮೊದಲೇ ಬರೆದುಕೊಡಬೇಕು, ಆ ಅರ್ಜಿ ಅವರ ಕೈಗೆ ಹೋಗುವುದಿಲ್ಲ. ಅಂಕ ಕೊಡುತ್ತೇವೆ, ಆದರೆ ಸರಾಸರಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೂವರಲ್ಲಿ ಇಬ್ಬರು ತುಂಬಾ ಮೆಚ್ಚಿ ಒಬ್ಬರು ತೀರಾ ಕಡಿಮೆ ಕೊಟ್ಟ ಅರ್ಜಿ ಇರುತ್ತದಲ್ಲ, ಸಭೆಯ ಸಮಯ ಅದಕ್ಕೇ ಮೀಸಲು. ಆ ಒಬ್ಬರಿಗೆ ಏನೋ ಗೊತ್ತಿರುತ್ತದೆ, ಇಲ್ಲವೇ ಆ ಕೆಲಸವೇ ಅವರಿಗೆ ಹೊಸದಾಗಿರುತ್ತದೆ. ಎರಡರಲ್ಲಿ ಯಾವುದು ಎಂದು ಮಾತಾಡಿದರೇ ತಿಳಿಯುವುದು.

ನನ್ನ ದೃಷ್ಟಿಯಲ್ಲಿ ಇಡೀ ಸುತ್ತಿನಲ್ಲಿ ಅತಿ ಬೆಲೆಬಾಳುವ ದಿನ ಅಂದರೆ ತಾತ್ಕಾಲಿಕ ಮೊತ್ತಗಳನ್ನು ಒಂದೇ ಹಾಳೆಯಲ್ಲಿ ಹಾಕುವ ದಿನ. ಅಡ್ಡಸಾಲಿನಲ್ಲಿ ಸಂಸ್ಥೆಗಳು, ಉದ್ದಸಾಲಿನಲ್ಲಿ ದಾನಿಗಳು. ಇನ್ನೂ ಯಾವ ಮಂಡಳಿಯೂ ಮಂಜೂರು ಮಾಡಿರುವುದಿಲ್ಲ, ಎಲ್ಲವೂ ಪೆನ್ಸಿಲ್‌ನಲ್ಲಿ ಬರೆದ ಅಂಕಿ. ಪರದೆಯ ಮೇಲೆ ಆ ಹಾಳೆ ಬಂದಾಗ ಒಂಟಿಯಾಗಿ ಕೂತು ಕಾಣದ್ದೆಲ್ಲ ಕಾಣುತ್ತದೆ. ಒಂದು ಸಂಸ್ಥೆಗೆ ಐವರೂ ಕೊಟ್ಟು ಬೇಡಿಕೆಗಿಂತ ಜಾಸ್ತಿ ಆಗಿರುತ್ತದೆ. ಇನ್ನೊಂದಕ್ಕೆ ಎಲ್ಲರೂ ಚೂರು ಚೂರು ಕೊಟ್ಟು, ಒಟ್ಟು ಸೇರಿಸಿದರೆ ಕೆಲಸ ಶುರು ಮಾಡಲೂ ಸಾಲದಂತಿರುತ್ತದೆ. ಈ ಎರಡನೆಯದೇ ಹೆಚ್ಚು ಅಪಾಯ. ಅಂಗವಿಕಲ ಮಕ್ಕಳ ಹಗಲು ಪಾಲನೆಯ ಒಂದು ಕಾರ್ಯಕ್ರಮ ನನಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಇಬ್ಬರು ತರಬೇತಾದ ಪಾಲಕರು ಬೇಕೇ ಬೇಕು. ನಮ್ಮೆಲ್ಲರ ಚೂರು ಸೇರಿದರೆ ಒಂದೂವರೆ ಜನರ ಸಂಬಳ. ಅರ್ಧ ಪಾಲಕರನ್ನು ಇಟ್ಟುಕೊಂಡು ಮಕ್ಕಳ ಸುರಕ್ಷತೆ ನೋಡುವುದು ಹೇಗೆ? ಆ ದಿನ ಕಂಪನಿಯ ಸೇವಾನಿಧಿಯವರು ಬೇರೆಡೆ ಹೆಚ್ಚಾಗಿದ್ದ ತಮ್ಮ ಪಾಲನ್ನು ಇಲ್ಲಿಗೆ ತಿರುಗಿಸಿದರು. ಆ ಹಾಳೆ ಇರದಿದ್ದರೆ ಐವರೂ ‘ನಾವೂ ಕೊಟ್ಟಿದ್ದೇವೆ’ ಎಂದು ಸಮಾಧಾನದಿಂದಿರುತ್ತಿದ್ದೆವು, ಕಾರ್ಯಕ್ರಮ ನಡೆಯುತ್ತಿರಲಿಲ್ಲ.

ಕಚೇರಿ ಖರ್ಚಿನ ವಿಷಯದಲ್ಲಿ ಒಂದೇ ಮಾತಿಗೆ ಬರಲು ಹೆಣಗಬೇಕಾಯಿತು. ಬಾಡಿಗೆ, ಲೆಕ್ಕಪತ್ರ, ವಿಮೆ ಇವನ್ನು ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಒಂದು ಪೈಸೆಯೂ ಇಲ್ಲ ಅನ್ನುತ್ತಾರೆ. ಅಮೆರಿಕದ ಫೆಡರಲ್ ಅನುದಾನದಲ್ಲಿ, ಬೇರೆ ದರ ನಿಗದಿಯಾಗದ ಸಂಸ್ಥೆಗಳು ಇಂಥ ಪರೋಕ್ಷ ಖರ್ಚಿಗೆ ಪಡೆಯಬಹುದಾದ ಮಿತಿಯನ್ನು 2024ರ ಅಕ್ಟೋಬರ್‌ನಿಂದ ಶೇ. 10ರಿಂದ ಶೇ. 15ಕ್ಕೆ ಏರಿಸಿದರು. ಆ ಉದಾಹರಣೆ ಮುಂದಿಟ್ಟ ಮೇಲೆ ನಾವು ಐವರೂ ಅದೇ ಶೇ. 15ಕ್ಕೆ ಒಪ್ಪಿದೆವು. ವಿವರ ಕೇಳುವುದಿಲ್ಲ, ಬಿಲ್ ಕೇಳುವುದಿಲ್ಲ.

ಒಟ್ಟಾಗುವುದರಲ್ಲಿ ಒಂದು ದೊಡ್ಡ ಅಪಾಯವೂ ಇದೆ, ಅದನ್ನು ಮುಚ್ಚಿಟ್ಟು ಮಾತಾಡಬಾರದು. ಮೊದಲು ಐದು ಬಾಗಿಲು ಇದ್ದವು. ಒಂದು ಮುಚ್ಚಿದರೆ ಇನ್ನೊಂದನ್ನು ತಟ್ಟಬಹುದಿತ್ತು. ಐವರೂ ಒಂದೇ ಮೇಜಿನಲ್ಲಿ ಕೂತು ಬೇಡ ಎಂದರೆ ಆ ಸಂಸ್ಥೆ ಎಲ್ಲಿಗೆ ಹೋಗಬೇಕು? ಹೊಸ ಸಂಸ್ಥೆಗಳು, ಇಂಗ್ಲಿಷ್ ಅಷ್ಟಾಗಿ ಬರೆಯಲು ಬಾರದವರು, ದಾನಿಗಳಿಗೆ ಹಿಡಿಸದ ಗುಂಪುಗಳ ನಡುವೆ ಕೆಲಸ ಮಾಡುವವರು ಇದರಿಂದ ಮೊದಲು ಪೆಟ್ಟು ತಿನ್ನುತ್ತಾರೆ. ಒಬ್ಬ ಗಟ್ಟಿ ದನಿಯವರ ಅಭಿಪ್ರಾಯ ಉಳಿದ ನಾಲ್ವರಿಗೂ ಹಬ್ಬುವುದು ಎಷ್ಟು ಸುಲಭ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕಾಗಿ ಎಲ್ಲರ ಅಂಕ ಬಂದು ಸೇರುವ ತನಕ ಅರ್ಜಿಗಳ ಬಗ್ಗೆ ಪರಸ್ಪರ ಮಾತಾಡುವಂತಿಲ್ಲ. ಪ್ರತಿ ದಾನಿಯೂ ತನ್ನ ಹಣದ ಒಂದು ಭಾಗವನ್ನು ಈ ವ್ಯವಸ್ಥೆಯ ಹೊರಗೇ ಉಳಿಸಿಕೊಳ್ಳಬೇಕು. ತಿರಸ್ಕಾರವಾದ ಪ್ರತಿ ಅರ್ಜಿಗೂ ಕಾರಣವನ್ನು ಫೋನಿನಲ್ಲಿ ಹೇಳುತ್ತೇವೆ, ಬರೆದೂ ಕೊಡುತ್ತೇವೆ. ಅರ್ಜಿಯನ್ನು ಮಾತಿನಲ್ಲಿ ಹೇಳಿದರೆ ನಮ್ಮವರೇ ಬರೆದುಕೊಳ್ಳುವ ವ್ಯವಸ್ಥೆಯೂ ಇದೆ.

ವರದಿ ಈಗ ಆರು ತಿಂಗಳಿಗೊಂದು. ಭೇಟಿ ವರ್ಷಕ್ಕೊಂದು, ಎಲ್ಲ ದಾನಿಗಳ ಪರವಾಗಿ ಇಬ್ಬರು ಹೋಗುತ್ತಾರೆ, ಅವರು ಬರೆದದ್ದನ್ನು ಉಳಿದವರು ಓದುತ್ತಾರೆ. ಮೊದಲ ಕಂತು ಮುಂಗಡವಾಗಿ ಕೊಡುತ್ತೇವೆ. ಖರ್ಚು ಮಾಡಿ ಬಿಲ್ ತಂದ ಮೇಲೆ ಕೊಡುತ್ತೇವೆ ಎಂದರೆ ಕೈಯಲ್ಲಿ ಕಾಸಿಲ್ಲದ ಸಂಸ್ಥೆ ಬರುವುದೇ ಇಲ್ಲ, ಅಲ್ವಾ?

ಇಂಥದ್ದನ್ನು ಶುರು ಮಾಡಬೇಕೆಂದಿರುವವರಿಗೆ ಒಂದು ಮಾತು: ಸಂಯೋಜಕರ ಸಂಬಳವನ್ನು ಮೊದಲ ಸಭೆಯಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಊಟಕ್ಕೆ, ಆಸರೆಗೆ ದುಡ್ಡು ಕೊಡಲು ಎಲ್ಲರೂ ಮುಂದೆ ಬರುತ್ತಾರೆ. ಹಾಳೆ ಹೊಂದಿಸುವ, ಸಭೆ ಕರೆಯುವ, ಸಂಸ್ಥೆಗಳ ಫೋನ್ ಎತ್ತುವ ಕೆಲಸಕ್ಕೆ ಯಾರೂ ಕೊಡುವುದಿಲ್ಲ. ಆ ಕೆಲಸ ಯಾರದೋ ಹೆಚ್ಚುವರಿ ಹೊಣೆಯಾಗಿ ಉಳಿದರೆ, ಅವರು ಬೇರೆಡೆಗೆ ವರ್ಗವಾದ ದಿನ ಎಲ್ಲವೂ ನಿಂತುಹೋಗುತ್ತದೆ. ನಮ್ಮಲ್ಲಿ ಐವರೂ ಸಮಪಾಲು ಹಾಕಿ ಒಬ್ಬರನ್ನು ಪೂರ್ಣಾವಧಿಗೆ ನೇಮಿಸಿಕೊಂಡಿದ್ದೇವೆ. ಮುಂದಿನ ಸುತ್ತಿನ ಅರ್ಜಿ ತೆರೆಯುವ ಮೊದಲು ಅವರು ಅದನ್ನು ಮೂರು ಸಣ್ಣ ಸಂಸ್ಥೆಗಳಿಗೆ ಕೊಟ್ಟು ತುಂಬಿಸುತ್ತಾರೆ, ಅದಕ್ಕೆ ಆ ಸಂಸ್ಥೆಗಳಿಗೆ ಹಣವನ್ನೂ ಕೊಡುತ್ತೇವೆ. ಸಂಸ್ಥೆಯವರು ಎಲ್ಲಿ ತಡವರಿಸಿದರೋ ಆ ಪ್ರಶ್ನೆಯನ್ನು ತಿದ್ದುತ್ತೇವೆ, ಇಲ್ಲವೇ ತೆಗೆದುಹಾಕುತ್ತೇವೆ.