ಪೊಟ್ಟಣದ ಮೇಲೆ ತೋಟದ ಹಸಿರು ಬಂತು

ಪರದೆಯಲ್ಲಿ ಕಾಣುವ ಹಸಿರು ಕಾಗದದ ಮೇಲೆ ಬರುವುದಿಲ್ಲ, ಆ ಆಸೆ ಬಿಡು ಎಂದು ಚಿಕ್ಕಮಗಳೂರಿನಲ್ಲಿ ನನಗೆ ಹೇಳದವರಿಲ್ಲ. ಕಳೆದ ತಿಂಗಳು, ನಾನು ಚಿತ್ರ ಬರೆದುಕೊಟ್ಟ ಕಾಫಿ ಪುಡಿಯ ಹೊಸ ಪೊಟ್ಟಣಗಳ ಮೊದಲ ಕಟ್ಟು ಪ್ರೆಸ್ಸಿನಿಂದ ಬಂತು. ಎಲೆಯ ಹಸಿರು, ಹೂವಿನ ಬಿಳುಪು ಎರಡೂ ನಾನು ಬರೆದಂತೆಯೇ ಇದ್ದವು. ಒಂದು ಪೊಟ್ಟಣವನ್ನು ಕಿಟಕಿಯ ಮೇಲೆ ಇಟ್ಟಿದ್ದೇನೆ. ಈಗಲೂ ದಿನಕ್ಕೆ ನಾಲ್ಕು ಸಲ ನೋಡುತ್ತೇನೆ.

ಮೂರು ವರ್ಷದ ಹಿಂದಿನ ಮೊದಲ ಲೇಬಲ್ ನೆನಪಾದರೆ ಹೊಟ್ಟೆ ಕಿವುಚುತ್ತದೆ. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು, ಪರದೆಗೆಂದೇ ಇರುವ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕವಾದ ಆರ್‌ಜಿಬಿಯಲ್ಲೇ ಬಣ್ಣ ತುಂಬಿ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ಎಲೆಗಳೆಲ್ಲ ಒಣಗಿದ ಬಾಳೆಲೆಯಂತಿದ್ದವು. ಸುಮಾರು 2,000 ಲೇಬಲ್ ರದ್ದಿಗೆ ಹೋಯಿತು. ನನ್ನ ಸಂಭಾವನೆ 4,000 ರೂಪಾಯಿ. ಮರುಮುದ್ರಣಕ್ಕೆ ಕೈಯಿಂದ ಕೊಟ್ಟದ್ದು ಆರು ಸಾವಿರದ ಆಸುಪಾಸು. ಆಗ ಟ್ಯಾಬ್ಲೆಟ್‌ನ ಕಂತೂ ತೀರಿರಲಿಲ್ಲ. ‘ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಖಾಲಿ ಇದೆಯಂತೆ, ಮಾತಾಡಲೇನಪ್ಪಾ?’ ಎಂದು ಸೋದರಮಾವ ಕೇಳಿದರು. ಒಂದು ವಾರ ಸಮಯ ಕೊಡಿ ಮಾವ ಎಂದೆ. ಆ ವಾರ ಇನ್ನೂ ಮುಗಿದಿಲ್ಲ.

ಎರಡನೆಯ ಸಲ ಕೊನೆಯಲ್ಲಿ ಸಿಎಂವೈಕೆಗೆ, ಅಂದರೆ ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕಕ್ಕೆ ಬದಲಿಸಿ, ಬಣ್ಣವನ್ನು ಗಾಢ ಮಾಡಿದೆ. ಒಂದೊಂದು ಶಾಯಿಗೆ ಹೆಚ್ಚೆಂದರೆ ನೂರರಂತೆ ಎಣಿಸಿದರೆ, ನಾಲ್ಕು ಶಾಯಿಗಳ ಮೊತ್ತ ಶೇಕಡ 300 ದಾಟಿತ್ತು. ಶಾಯಿ ಒಣಗದೆ ಒಂದು ಹಾಳೆಯ ಬಣ್ಣ ಮೇಲಿನ ಹಾಳೆಯ ಬೆನ್ನಿಗೆ ಮೆತ್ತಿಕೊಂಡಿತು.

ದಾರಿ ಸಿಕ್ಕಿದ್ದು ಬೇಲೂರಿನಲ್ಲಿ. ಜುಲೈ ತಿಂಗಳ ಮಳೆಯಲ್ಲಿ ಚೆನ್ನಕೇಶವ ದೇವಸ್ಥಾನದ ಸೂರಿನಡಿ ಕುಳಿತು ಸ್ಕೆಚ್ ಮಾಡುತ್ತಿದ್ದೆ. ಬಳಪದ ಕಲ್ಲು ನೆನೆದು ಕಪ್ಪಾಗಿತ್ತು. ಅದರ ಸಂದಿಯಲ್ಲಿ ಬೆರಳಗಲದ ಪಾಚಿ ದೀಪದಂತೆ ಹೊಳೆಯುತ್ತಿತ್ತು. ಪಾಚಿಯ ಬಣ್ಣವನ್ನು ಮೊಬೈಲಿನಲ್ಲಿ ತೆಗೆದು ಬೇರೆಯಾಗಿ ನೋಡಿದರೆ ಸಾಧಾರಣ ಹಸಿರು. ಹೊಳಪು ಕೊಟ್ಟದ್ದು ಸುತ್ತಲಿನ ಕಲ್ಲು. ನಾನು ಮೂರು ವರ್ಷ ಹಸಿರನ್ನು ತಿದ್ದುತ್ತಿದ್ದೆ; ತಿದ್ದಬೇಕಾದದ್ದು ಅದರ ನೆರೆಹೊರೆಯನ್ನು.

ಈಗ ಸ್ಥಳದಲ್ಲೇ ಪೆನ್ಸಿಲಿನಿಂದ ಮೂರೇ ಛಾಯೆಯಲ್ಲಿ ಚಿತ್ರ ಮುಗಿಸುತ್ತೇನೆ. ಅದು ಚಿತ್ರ ಬರೆಯುವ ತಂತ್ರಾಂಶವಾದ ಕ್ರಿಟಾದಲ್ಲಿ, ಕೆಳಗಿನ ಬಣ್ಣವನ್ನು ಮುಚ್ಚದೆ ಗಾಢ ಮಾಡುವ ಮಲ್ಟಿಪ್ಲೈ ಪದರವಾಗಿ ಮೇಲೆ ಕೂರುತ್ತದೆ. ಮೊದಲ ಬಣ್ಣ ಹಚ್ಚುವ ಮುನ್ನವೇ ಕಂಟ್ರೋಲ್ ವೈ ಒತ್ತಿ ಮುದ್ರಣದ ಬಣ್ಣ ತೋರಿಸುವ ನೋಟಕ್ಕೆ ಬದಲಿಸುತ್ತೇನೆ, ಕೊನೆಯವರೆಗೂ ಹಿಂದಿರುಗುವುದಿಲ್ಲ. ಚಿತ್ರ ಮಂಕಾಗಿ ಕಾಣುತ್ತದೆ, ಮನಸ್ಸು ಕುಗ್ಗುತ್ತದೆ, ಸಹಿಸಿಕೊಳ್ಳಬೇಕು. ಹಿನ್ನೆಲೆಯನ್ನೆಲ್ಲ ಕೆಂಪು ಬೆರೆತ ಕಂದು ಬಣ್ಣಕ್ಕೆ ಎಳೆದು, ಶುದ್ಧ ಹಸಿರನ್ನು ಚಿತ್ರದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಇಡುತ್ತೇನೆ. ಆ ಹಸಿರಿನಲ್ಲಿ ಸಯಾನ್ ಮತ್ತು ಹಳದಿ ಮಾತ್ರ. ಮಜೆಂಟಾ ಸೋಕಿದರೂ ಕೊಳೆಯಾಗುತ್ತದೆ. ಕಾಫಿ ಹೂವಿನ ಬಿಳುಪಿಗೆ ಕಾಗದವೇ ಸಾಕು. ಎಲೆಯ ನೆರಳಿಗೆ ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಒಂದು ಮಳೆಗಾಲವಿಡೀ ತೆತ್ತಿದ್ದೇನೆ.

ನಡುವೆ ಡಿಕಾಕ್ಷನ್‌ನಿಂದಲೇ ತೆಳುವಾಗಿ ಬಣ್ಣ ಬಳಿಯುವ ಪ್ರಯೋಗವನ್ನೂ ಮಾಡಿದೆ. ಚಿಕೋರಿ ಬೆರೆತದ್ದು ಗಾಢವಾಗಿ ಬಂತು, ಆದರೆ ಅಂಟು ಅಂಟು. ಬರೀ ಕಾಫಿಯದು ತೆಳುವಾಗಿ ಹರಡಿ, ಅಂಚಿನಲ್ಲಿ ಚಂದದ ಗೆರೆ ಬಿಟ್ಟಿತು. ಆಷಾಢದ ತೇವದಲ್ಲಿ ಹಾಳೆಗಳು ಮೂರು ದಿನವಾದರೂ ಒಣಗದೆ ಬೂಸ್ಟು ಹಿಡಿದವು. ಉಳಿದ ಎಂಟು ಹಾಳೆಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೇನೆ. ಹೊಸ ಪೊಟ್ಟಣದ ಹಿನ್ನೆಲೆ ಅವುಗಳಲ್ಲಿ ಒಂದರದು.

ಈ ಸಲ ಸಂಭಾವನೆ 12,000 ರೂಪಾಯಿ, ಅರ್ಧ ಮುಂಗಡ. ಮುಂಗಡವಿಲ್ಲದೆ ಈಗ ಪೆನ್ಸಿಲ್ ಹಿಡಿಯುವುದಿಲ್ಲ. ಬೆಂಗಳೂರಿನ ಪ್ರಕಾಶಕರೊಬ್ಬರು ಮಕ್ಕಳ ಪುಸ್ತಕಕ್ಕೆ ಮಾದರಿ ಪುಟಗಳನ್ನು ಕೇಳಿದ್ದಾರೆ. ಪುಟಕ್ಕೆ 1,500 ಹೇಳಿದ್ದೇನೆ, ಚೌಕಾಸಿಗೆ ಸ್ವಲ್ಪ ಇಳಿಯಬಲ್ಲೆ. ಹೆಸರಿನ ವಿಷಯದಲ್ಲಿ ಇಳಿಯುವುದಿಲ್ಲ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಅವನ್ನು ಕಡೆದ ಶಿಲ್ಪಿಗಳಾದ ದಾಸೋಜ, ಚಾವಣರ ಹೆಸರು ಒಂಬತ್ತು ಶತಮಾನ ಉಳಿದಿದೆ. ನನ್ನದು ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಾದರೂ ಇರಬೇಕು.

ಆರು ಪುಟಗಳ ಪೆನ್ಸಿಲ್ ಕೆಲಸ ಮುಗಿದಿದೆ. ಏಳನೆಯದರಲ್ಲಿ ಆನೆಗಳ ಸಾಲು ಬರಬೇಕು. ಭಾನುವಾರ ಮಳೆ ಇದ್ದರೆ ಹಳೇಬೀಡಿನ ಬಸ್ ಹತ್ತುತ್ತೇನೆ, ಅಲ್ಲಿನ ಗೋಡೆಯ ಬುಡದ ಆನೆಗಳನ್ನು ನೆನೆದ ಕಲ್ಲಿನಲ್ಲೇ ನೋಡಬೇಕು.